ಕೊಟ್ರವ್ವನ ಮುಂದೆ ಪಟಾಕಿ ಸರ

ನನ್ನ ಹೆಂಡತಿ ಕೊಟ್ರವ್ವನ ದೇಹ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಪಡಸಾಲೆಯಲ್ಲಿತ್ತು. ಹರಿಹರದ ಹೊಳೆಯ ದಡಕ್ಕೆ ಒಯ್ಯಬೇಕು. ಅಷ್ಟರಲ್ಲಿ ಅವಳ ತಮ್ಮ ಗುಡ್ಡಪ್ಪ ಭಾನುವಳ್ಳಿಯಿಂದ ಬಂದ. ಅವನ ಮಗ ವೀರೇಶನ ಹೆಗಲ ಮೇಲೆ ಪಟಾಕಿಯ ಚೀಲ.

“ಮಾವ, ಹರಿಹರದಾಗ ಬ್ಲಾಸ್ಟ್ ಮಾಡ್ತೀವಿ. ಅತ್ತೆ ಮೆರವಣಿಗೆ ಊರೇ ನೆನೆಸ್ಬೇಕು,” ಎಂದ ವೀರೇಶ.

ನನಗೆ ರೇಗಿತು. ದೀಪಾವಳಿ ಬಂದರೆ ಕದ ಹಾಕಿಕೊಂಡು ದೇವರ ಕೋಣೆಯಲ್ಲಿ ಕೂಡುತ್ತಿದ್ದವಳು ಅವಳು. ಶಿವನಾಮ ಹೇಳಿಕೊಂಡು, ಸದ್ದಿಲ್ಲದೆ ಕಳಿಸಬೇಕೆಂಬುದೊಂದೇ ನನಗೆ ಉಳಿದಿದ್ದ ಆಸೆ. ಇಂಗ್ಲಿಷ್ ಮೇಷ್ಟ್ರಾಗಿದ್ದವನು ನಾನು. ದುಃಖದಲ್ಲೂ ಹಾಳು ಚಾಳಿ ಬಿಡಲಿಲ್ಲ.

“ಬ್ಲಾಸ್ಟ್ ಅಂದ್ರೆ ಏನು ಗೊತ್ತೇನೋ?”

“ಮಸ್ತ್ ಮಜಾ ಅಂತ, ಮಾವ.”

“ಹೆಣದ ಮುಂದೆ ಮಜಾನಾ? ಮೊದಲು ಅದಕ್ಕೆ ಬೀಸೋ ಗಾಳಿ ಅಂತ ಅರ್ಥ ಇತ್ತು. ಆಮೇಲೆ ಕೊಂಬು ಊದೋ ಸದ್ದಿಗೂ ಅದೇ ಹೆಸರು ಬಂತು. ಮದ್ದು ಸಿಡಿಯೋದು ಎಷ್ಟೋ ಕಾಲದ ಮ್ಯಾಲೆ. ಶಂಖ ಊದಿಸ್ರಿ, ಸಾಕು.”

“ಭತ್ತಕ್ಕೆ ಬರೋ ಬೆಂಕಿರೋಗಕ್ಕೂ ಕೃಷಿ ಆಫೀಸಿನೋರು ಬ್ಲಾಸ್ಟ್ ಅಂತಾರೆ,” ಎಂದ ಗುಡ್ಡಪ್ಪ. “ಎಷ್ಟು ಅರ್ಥ ಇದ್ರೆ ನಮಗೇನು ಭಾವ? ನೀವು ಸತ್ತಾಗ ಶಂಖ ಊದಿಸ್ತೀನಿ ಬಿಡ್ರಿ. ನಮ್ಮಕ್ಕ ದಿಕ್ಕಿಲ್ಲದೋಳಂಗೆ ಹೋಗಬಾರ್ದು.”

“ಅವಳಿಗೆ ಹೆದರಿಕೆ ಕಣೋ!”

“ಕಿವಿಗೆ ಹತ್ತಿ ಇಟ್ಟೈತಲ್ಲ. ಎಲ್ಲಿ ಕೇಳ್ತೈತೆ?”

ಪಟಾಕಿ ಇಲ್ಲದಿದ್ದರೆ ಹೆಗಲು ಕೊಡುವುದಿಲ್ಲ ಎಂದು ಗುಡ್ಡಪ್ಪ ಹೊಸಿಲ ಮೇಲೆ ಕೂತುಬಿಟ್ಟ. ಅತ್ತು ಅತ್ತು ಅವನ ಕಣ್ಣುಗಳು ಬಾತುಕೊಂಡಿದ್ದವು. ತಮ್ಮನ ಹೆಗಲಿಲ್ಲದೆ ಅವಳನ್ನು ಎತ್ತಿಸಲು ನನಗೆ ಮನಸ್ಸಾಗಲಿಲ್ಲ.

“ಏನಾದ್ರೂ ಮಾಡ್ಕೊಳ್ರಿ,” ಎಂದೆ.

ಹರಿಹರದವರೆಗೆ ಗಾಡಿಯಲ್ಲಿ ಒಯ್ದು, ಅಲ್ಲಿಂದ ಹೆಗಲ ಮೇಲೆ ಹೊತ್ತು ಹೊರಟೆವು. ಹೊಳೆಯ ದಾರಿಯ ನಡುವೆ ಪದ್ಧತಿಯಂತೆ ಚಟ್ಟ ಇಳಿಸಿದರು. ವೀರೇಶ ದೂರದಲ್ಲಿ ಪಟಾಕಿ ಸರ ಹಾಸಿ ಕಿಡಿ ಮುಟ್ಟಿಸಿದ. ಮೊದಲ ಸದ್ದಿಗೇ ನಾನು ಮೊಣಕಾಲೂರಿ ಅವಳ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿಬಿಟ್ಟೆ. ಶಿವನಾಮವೂ ಬಾಯಿಗೆ ಬರಲಿಲ್ಲ.

ಗುಡ್ಡಪ್ಪ ನನ್ನನ್ನು ನೋಡಿದ. ಮುಖ ಕಿವುಚಿಕೊಂಡು ಮಗನತ್ತ ಕೂಗಿದ: “ಏ, ನಿಲ್ಲಿಸಲೇ!”

“ಹೆಂಗೆ ನಿಲ್ಲಿಸ್ಲಪ್ಪ? ಹತ್ಕೊಂಡೈತೆ!”

ಗುಡ್ಡಪ್ಪ ಹೆಗಲ ಟವೆಲ್ ಎಳೆದು ಅಕ್ಕನ ತಲೆಗೆ ಸುತ್ತತೊಡಗಿದ, ನನ್ನ ಕೈಗಳನ್ನೂ ಸೇರಿಸಿಯೇ. ಸರ ಸಿಡಿಯುತ್ತಲೇ ಇತ್ತು. ಪುಣ್ಯಾತ್ಮರು ಅಂಗಡಿಯಲ್ಲಿ ಎಲ್ಲಕ್ಕಿಂತ ಉದ್ದದ್ದನ್ನೇ ಆರಿಸಿ ತಂದಿದ್ದರು.