ಸಾವಿನ ಸುದ್ದಿ ಓದಿದವಳು

ಪತ್ರಿಕೆಯ ಸಾವಿನ ಸುದ್ದಿಯನ್ನು ಈಗ ಯಾರೂ ಓದುವುದಿಲ್ಲವೆಂದು ಇರ್ಬಿದ್ ನಗರದ ಸುಹೈರ್ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಅಂಕಿಅಂಶ ಸಮೇತ ಬರೆದಿದ್ದಳು. ತಾಯಿ ತೀರಿಕೊಂಡಾಗ ಫೇಸ್‌ಬುಕ್ಕಿನಲ್ಲಷ್ಟೇ ತಿಳಿಸಿದಳು. ಸೋದರಮಾವ ಮಾತ್ರ ಹಟ ಹಿಡಿದು ಪತ್ರಿಕೆಗೂ ಕೊಟ್ಟ.

ಮೂರನೆಯ ದಿನಕ್ಕೆ ನಾನೂರು ಜನ ಫೋನಿನಲ್ಲೇ ಸಂತಾಪ ಬರೆದು ಕೈತೊಳೆದುಕೊಂಡಿದ್ದರು. ಬರುವ ಹೆಂಗಸರಿಗೆಂದು ಹಾಕಿದ ಕುರ್ಚಿಗಳೆಲ್ಲ ಖಾಲಿ. ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿಯನ್ನು ಸುಹೈರ್ ಮೂರು ಸಲ ಬಿಸಿ ಮಾಡಿದ್ದಳು.

ಮಧ್ಯಾಹ್ನ ತಾಯಿಯ ಹಳೆಯ ಗೆಳತಿ ಉಮ್ ನಿಝಾರ್ ಏದುಸಿರು ಬಿಡುತ್ತ ಬಂದಳು, ಕಂಕುಳಲ್ಲಿ ಪತ್ರಿಕೆ. "ಇದ್ರಲ್ಲಿ ನೋಡ್ದೆ ಕಣೇ, ಎರಡು ಬಸ್ ಹತ್ತಿ ಬಂದೆ. ಜನ ಎಲ್ಲೇ?"

ಸುಹೈರ್ ಫೋನು ತೋರಿಸಿದಳು.

ಮುದುಕಿ ಅದನ್ನು ಇಸಿದುಕೊಂಡು ಬೋರಲು ಹಾಕಿದಳು. "ಇವ್ರನ್ನ ಆಮೇಲೆ ಎಣಿಸ್ಕೋ ಮಗಳೇ. ಈಗ ಕಾಫಿ ಬಗ್ಸು. ಇಬ್ರೂ ಕೂತು ಅಳೋಣ."