ಹುಣಸೆಹಣ್ಣಿಗೆ ಹೆದರಿದ ಕಂಚು

ಗುಬ್ಬಿಯ ಹೊನ್ನಯ್ಯನ ಕೈಗೆ ಒಂದಿಷ್ಟು ಕಂಚಿನ ಪುಡಿ ಕೊಟ್ಟರೆ ಸಾಕು, ನಿನ್ನೆ ಕೆತ್ತಿದ ಮರದ ಗೊಂಬೆ ಮುನ್ನೂರು ವರ್ಷದ ಮುದಿಯಾಗುತ್ತಿತ್ತು. ಸಂದಿಗೆ ದೀಪದ ಕಪ್ಪು, ನೆರಿಗೆಗೆ ಕಿಲುಬಿನ ಹಸಿರು, ಯಾರೋ ಸವರಿ ಸವರಿ ಸವೆದಂತೆ ಮೂಗಿನ ತುದಿಗೆ ಹೊಳಪು. ಗೊಂಬೆಯನ್ನು ಗೊಂಬೆಯೆಂದೇ ಮಾರಿದ್ದರೆ ಯಾರಿಗೂ ಕೇಡಿರಲಿಲ್ಲ. ತುಮಕೂರಿನ ಅಂಗಡಿ ಅಡವಿಯಪ್ಪ ಪಾಳೇಗಾರರ ಕಾಲದ ಕಂಚು ಎಂದು ಮಾರಿದ. ಸಿಕ್ಕಿಬಿದ್ದಾಗ, “ಇವ್ನೇ ನನಗೆ ಟೋಪಿ ಹಾಕಿದ್ದು” ಎಂದು ಹೊನ್ನಯ್ಯನನ್ನು ಬೀದಿಯಲ್ಲಿ ನಿಲ್ಲಿಸಿ ಚಪ್ಪಲಿಯಲ್ಲಿ ಹೊಡೆಸಿದ. ಹೊನ್ನಯ್ಯ ಆಮೇಲೆ ಕುಂಚ ಮುಟ್ಟಲಿಲ್ಲ, ಅನ್ನವನ್ನೂ ಸರಿಯಾಗಿ ಮುಟ್ಟಲಿಲ್ಲ. ಮರುವರ್ಷ ಹೋಗಿಬಿಟ್ಟ. ಹೆಂಡತಿ ರೇವಮ್ಮ ಉಳಿದಳು.

ಕೆಲವು ವರ್ಷ ಕಳೆದು, ೧೯೭೯ರಲ್ಲಿ, ಅದೇ ಅಡವಿಯಪ್ಪ, ಮಾನ ಮರ್ಯಾದೆ ಬಿಟ್ಟವನು, ಅವಳ ಬಾಗಿಲಿಗೇ ಬಂದ. ಮಗಳನ್ನು ಕುಣಿಗಲ್ಲಿನ ದೊಡ್ಡ ಮನೆಗೆ ಕೊಡುವುದಿತ್ತು. ನಮ್ಮದು ಹಳೇ ಮನೆತನ ಎಂದು ಬೀಗರೆದುರು ಕೊಚ್ಚಿಕೊಂಡಿದ್ದ. ತೋರಿಸಲು ಒಂದು ಹಳೇ ಚೊಂಬೂ ಇರಲಿಲ್ಲ.

“ನಿನ್ ಗಂಡನ ಕೆಲ್ಸ ನಿನ್ಗೂ ಬರ್ತದಲ್ಲ ರೇವಮ್ಮ? ತಾತನ ಕಾಲದ್ ಕಂಚು ಅನ್ನಂಗೆ ಒಂದ್ ಗೊಂಬೆ ಮಾಡ್ಕೊಡು.”

“ಮಾಡ್ಕೊಡ್ತೀನಿ ಬುಡಿ ಯಜಮಾನ್ರೇ. ಬಣ್ಣ ಸೂಕ್ಷ್ಮ, ಬೀಗರ ಮನೇಗೆ ನಾನೇ ಹೊತ್ಕೊಂಡ್ ಬರ್ತೀನಿ.”

ಮರದ ಗೊಂಬೆ ಸಿದ್ಧವಾಯಿತು: ರೆಕ್ಕೆಯ ಕುದುರೆಯೇರಿದ, ಕೋರೆಹಲ್ಲಿನ, ಗೇಣುದ್ದದ ರಾಕ್ಷಸ. ತೂಕಕ್ಕೆ ತಳದಲ್ಲಿ ಸೀಸ. ಪುಡಿಯನ್ನು ಗೋಂದಿನ ನೀರಿನಲ್ಲಿ ಕಲಸಿ ಬಳಿದಳು. ಬಣ್ಣಕ್ಕೆ ನೀರು ತಾಗದಂತೆ ಹೊನ್ನಯ್ಯ ಕೊನೆಗೊಮ್ಮೆ ವಾರ್ನಿಷ್ ಹಚ್ಚುತ್ತಿದ್ದ. ಅದನ್ನು ಮಾತ್ರ ಬೇಕೆಂದೇ ಬಿಟ್ಟಳು.

ನಿಶ್ಚಿತಾರ್ಥದ ದಿನ ಬೀಗರ ಹಜಾರದಲ್ಲಿ ಅಡವಿಯಪ್ಪ ಎದೆಯುಬ್ಬಿಸಿ ಹೇಳಿದ: “ನಮ್ ಮುತ್ತಾತನ ಕಾಲದಿಂದ ನಮ್ಮನೇಲೇ ಐತೆ. ಬೇರೆಯವ್ರ ಕೈಗೆ ಹೋಗಿದ್ದೇ ಇಲ್ಲ.”

ಹುಡುಗನ ತಾಯಿ ಸರ್ವಮಂಗಳಮ್ಮ ಗೊಂಬೆಯನ್ನು ಎತ್ತಿ ನೋಡಿ ತಲೆದೂಗಿದರು. ರೇವಮ್ಮನನ್ನು ಅಡವಿಯಪ್ಪ ತನ್ನ ಮನೆಯಾಳು ಎಂದಿದ್ದ. ಆಳಾದವಳು ಸುಮ್ಮನೆ ಕೂರುವುದುಂಟೇ?

“ಹಾದೀಲಿ ಧೂಳಾಗೈತೆ ಅವ್ವಾರೆ. ಒಸಿ ಹುಣಸೆಹಣ್ಣು ಕೊಡ್ಸಿ, ತಿಕ್ಕಿ ಫಳಫಳ ಅನ್ನಿಸ್ತೀನಿ.”

“ಬ್ಯಾಡ!” ಅಡವಿಯಪ್ಪ ಎದ್ದೇಬಿಟ್ಟ.

“ಯಾಕ್ ಬ್ಯಾಡ?” ಎಂದರು ಸರ್ವಮಂಗಳಮ್ಮ. “ಕಂಚನ್ನ ಹುಣಸೆಹಣ್ಣಲ್ಲಿ ತಿಕ್ದೆ ಇನ್ಯಾತರಲ್ಲಿ ತಿಕ್ತಾರೆ?”

ಒಳಗಿಂದ ಹುಣಸೆಹಣ್ಣು, ನೀರು, ಒಂದು ತಟ್ಟೆ ಬಂದವು.

ರೇವಮ್ಮ ಎಲ್ಲರೆದುರು ಕೂತು ನಿಧಾನವಾಗಿ ತಿಕ್ಕಿದಳು. ಇಷ್ಟು ವರ್ಷ ಕಾದವಳಿಗೆ ಅವಸರವೇನು? ಹಸಿರು ಹೋಯಿತು, ಕಪ್ಪು ಹೋಯಿತು, ಮುತ್ತಾತನ ಕಾಲದ ಕಂಚು ಬೆರಳ ಸಂದಿಯಿಂದ ತಟ್ಟೆಗೆ ಸೋರಿತು. ಉಳಿದದ್ದು ಬಿಳೀ ಮರದ ತುಂಡು.

“ಇವ್ಳೇ! ಇವ್ಳೇ ನನಗೆ ಟೋಪಿ ಹಾಕಿದ್ದು!”

“ನಿಮ್ ಮುತ್ತಾತನ ಕಾಲ್ದಲ್ಲಿ ನಾನೆಲ್ಲಿದ್ದೆ ಯಜಮಾನ್ರೇ?”

ಸರ್ವಮಂಗಳಮ್ಮ ತಾಂಬೂಲದ ತಟ್ಟೆಯನ್ನು ಒಳಗೆ ತೆಗೆಸಿದರು. ಕೋಣೆಯಲ್ಲಿ ಅಡವಿಯಪ್ಪನ ಮಗಳು ಬಿಕ್ಕಿದ್ದು ಕೇಳಿ ರೇವಮ್ಮನ ಕರುಳು ಚುರ್ರೆಂದಿತು. ಹೊನ್ನಯ್ಯನಿಗಾಗಿ ಯಾರ ಕರುಳೂ ಚುರ್ರೆಂದಿರಲಿಲ್ಲ. ಗೊಂಬೆಯನ್ನು ಸೆರಗಿನಲ್ಲಿ ಒರೆಸಿ, ಬಾಗಿಲಾಚೆ ಅಡವಿಯಪ್ಪ ಬಿಟ್ಟಿದ್ದ ಚಪ್ಪಲಿಯ ಮೇಲೆ ನಿಲ್ಲಿಸಿ, ಬಸ್ಸಿಗೆ ಹೊರಟಳು.