ಏಳನೆಯ ಬಾಟಲಿ

"ಚಾ ಬ್ಯಾಡ್ವಾ ಡಾಕ್ಟ್ರೇ?" ಕೆರಿಯಪ್ಪನ ಸೊಸೆ ದೇವಿ ಸ್ಟೀಲಿನ ಲೋಟ ಹಿಡಿದು ಜಗಲಿಯ ಅಂಚಿನಲ್ಲಿ ನಿಂತಿದ್ದಳು.

"ಈಗಷ್ಟೇ ಯಲ್ಲಾಪುರದಲ್ಲಿ ಕುಡಿದು ಬಂದೆನಮ್ಮಾ," ಎಂದ ದಿನಕರ ಹೆಗಡೆ.

ಇಡಗುಂದಿಯ ಈ ಮನೆಗೆ ಬಂದಾಗಲೆಲ್ಲ ಅವನು ಹೇಳುವ ಮಾತು ಅದೇ. ನೀರು ತಂದರೆ ಕಾರಿನಲ್ಲಿ ಇದೆ ಎನ್ನುತ್ತಿದ್ದ. ಬಾಳೆಹಣ್ಣು ಕೊಟ್ಟರೆ ಮಾತ್ರ, ಸಿಪ್ಪೆ ಇರುತ್ತದಲ್ಲ, ಎರಡು ಹೆಚ್ಚಿಗೆಯೇ ತಿನ್ನುತ್ತಿದ್ದ. ಇದನ್ನು ಅವನು ಲೆಕ್ಕ ಹಾಕಿ ಮಾಡುತ್ತಿರಲಿಲ್ಲ. ಯಾರಾದರೂ ಕೇಳಿದ್ದರೆ ನಿಜವಾಗಿಯೂ ಸಿಟ್ಟಾಗುತ್ತಿದ್ದ. ತನ್ನ ಅಪ್ಪ 'ಏನೋ, ಬಾರೋ' ಎಂದು ಕರೆಯುತ್ತಿದ್ದವರನ್ನೆಲ್ಲ ಅವನು 'ನೀವು' ಎನ್ನುತ್ತಿದ್ದ. ಶಿರಸಿಯ ತನ್ನ ದಂತ ಚಿಕಿತ್ಸಾಲಯದಲ್ಲಿ ಯಾರ ಬಾಯಿಗೆ ಬೇಕಾದರೂ ಕೈ ಹಾಕುತ್ತಿದ್ದ.

ಬಾಟಲಿಯ ಸುದ್ದಿ ಸಿಕ್ಕಿದ್ದೂ ಅಲ್ಲಿಯೇ. ಹಲ್ಲು ಕೀಳಿಸಿಕೊಳ್ಳಲು ಬಂದ ಕೆರಿಯಪ್ಪ ಕೆನ್ನೆ ಹಿಡಿದುಕೊಂಡು, "ಅಪ್ಪ ಇಟ್ಟ ಫಾರಿನ್ ಬ್ರಾಂದಿ ಒಂದದೆ. ಅದನ್ನೇ ಒಡೆದು ಹತ್ತೀಲಿ ಅದ್ದಿ ಹಲ್ಲಿಗೆ ಇಟ್ಕಳ್ಳಾಣ ಅಂದ್ರೆ ಮನಸ್ಸು ಬರ್ಲಿಲ್ಲ," ಎಂದಿದ್ದ. ದಿನಕರನ ಕೈಯಲ್ಲಿದ್ದ ಇಕ್ಕಳ ಅಲ್ಲಿಯೇ ನಿಂತಿತ್ತು.

ದಿನಕರ ಕುಡಿಯುವವನಲ್ಲ. ಆದರೆ ಅವನ ಕೋಣೆಯ ಬೀರುವಿನಲ್ಲಿ ಫ್ರಾನ್ಸಿನ ಆರು ಹಳೆಯ ಬ್ರಾಂದಿ ಬಾಟಲಿಗಳಿದ್ದವು. ಗೋವಾದ ಹಳೇ ಬಂಗಲೆಗಳಿಂದ, ಮುಂಬಯಿಯ ಗುಜರಿಗಳಿಂದ ಹುಡುಕಿ ತಂದವು. ಒಂದಕ್ಕೆ ಅರಗಿನ ಮುದ್ರೆ ಒಡೆದಿತ್ತು, ಇನ್ನೊಂದರಲ್ಲಿ ಅರ್ಧ ಆರಿಹೋಗಿತ್ತು, ಮತ್ತೊಂದರ ಚೀಟಿಯನ್ನು ಗೆದ್ದಲು ತಿಂದಿತ್ತು. ಆರರಲ್ಲಿ ಒಂದೂ ಪೂರ್ತಿಯಾದದ್ದಲ್ಲ. ಜಗತ್ತಿನ ಮೂಲೆಮೂಲೆಯಲ್ಲಿರುವ ಸಂಗ್ರಾಹಕರು ಮೊಬೈಲಿನಲ್ಲಿ ತಮ್ಮ ಬಾಟಲಿಗಳ ಫೋಟೋ ಹಾಕುವಾಗ ಅವನು ಸುಮ್ಮನೆ ನೋಡುತ್ತಿದ್ದ. ಪೂರ್ತಿಯಾದ ಒಂದು ತನ್ನ ಕೈಗೆ ಬರಬೇಕು, ಒಂದೇ ಒಂದು. ಬೇರೆ ಯಾವುದಕ್ಕೂ ಅವನು ಇಷ್ಟು ಆಸೆಪಟ್ಟದ್ದಿಲ್ಲ.

ಅಂಥದ್ದೊಂದು ಈಗ ಕೆರಿಯಪ್ಪನ ತೊಡೆಯ ಮೇಲಿತ್ತು. ಕೆರಿಯಪ್ಪನ ಅಪ್ಪ ಫಾರೆಸ್ಟ್ ಬಂಗಲೆಯಲ್ಲಿ ಅಡುಗೆಯವನಾಗಿದ್ದಾಗ, ದೇಶ ಬಿಟ್ಟು ಹೋಗುತ್ತಿದ್ದ ದೊರೆ ಕೊಟ್ಟದ್ದು. ಕಡುಗೆಂಪು ಅರಗು, ಕುತ್ತಿಗೆಯವರೆಗೂ ನಿಂತ ಜೇನುಬಣ್ಣದ ಬ್ರಾಂದಿ, ಹೊಗೆ ಹಿಡಿದರೂ ಒಂದು ಮೂಲೆಯೂ ಹರಿಯದ ಚೀಟಿ. ಅದರ ಮೇಲೆ ಯಾರೋ ಶಾಯಿಯಲ್ಲಿ ಬರೆದ ಇಸವಿ: ೧೮೯೩.

"ದುಡ್ಡು ಬ್ಯಾಡ ಅಂದಿದ್ನಲ್ಲ," ಎಂದ ಕೆರಿಯಪ್ಪ. ದಿನಕರನೇ ಕಟ್ಟಿಕೊಟ್ಟ ಹಲ್ಲಿನ ಸೆಟ್ಟು ಫಳಫಳ ಹೊಳೆಯಿತು. "ಅಪ್ಪ ಸಾಯಾಗ ಹೇಳಿದ್ದ, ಮಾರ್ಬ್ಯಾಡ, ಒಬ್ನೇ ಕುಡೀಬ್ಯಾಡ, ಮನೀಗೆ ಬಂದು ಕುಂತು ಕುಡಿಯೋರು ಸಿಕ್ಕಿದ್ರೆ ಒಡಿ ಅಂತ. ನೀವು ಕುಡಿಯೋರಲ್ಲ. ಒಡೆಯೋದೂ ಬ್ಯಾಡ. ಅದರ ಬದ್ಲಿ ನಮ್ಮನೆ ಚಾ ಒಂದು ಲೋಟ ಕುಡೀರಿ. ಹಂಗೇ ತಗಂಡು ಹೋಗಿ."

"ಅಯ್ಯೋ, ಅಷ್ಟೇನಾ ಕೆರಿಯಪ್ಪನವರೇ! ಈಗ ಕುಡಿದೆ ಅಂತ ಅಷ್ಟೆ..."

"ಯಾರ ಹೋಟ್ಲಲ್ಲಿ ಕುಡಿದ್ರಿ?"

"ಯಾರದ್ದಾದರೇನು? ನಾನು ಎಲ್ಲಾ ಹೋಟೆಲಿನಲ್ಲೂ ಕುಡಿಯುವವನೇ."

"ಹಂಗಾರೆ ಇದೂ ಒಂದು ಹೋಟ್ಲು ಅಂತ ತಿಳ್ಕಳಿ," ಎಂದು ಕೆರಿಯಪ್ಪ ನಕ್ಕ. ದೇವಿ ನಗಲಿಲ್ಲ. ಲೋಟವನ್ನು ದಿನಕರನ ಪಕ್ಕದಲ್ಲಿಟ್ಟು ಒಳಗೆ ಹೋದಳು.

ಶುಂಠಿ ಜಜ್ಜಿ ಹಾಕಿದ, ಬೆಲ್ಲದ ಚಹಾ. ದಿನಕರ ಬಾಟಲಿಯನ್ನು ನೋಡಿದ, ಲೋಟ ಎತ್ತಿದ. ಮಾತ್ರೆ ನುಂಗುವ ಹಾಗೆ ತಲೆ ಹಿಂದಕ್ಕೆಸೆದು ಕುಡಿದುಬಿಟ್ಟ. "ಬಹಳ ಚೆನ್ನಾಗಿದೆ," ಎಂದ. ಕೆರಿಯಪ್ಪ ಬಾಟಲಿಯನ್ನು ಎರಡೂ ಕೈಯಿಂದ ಎತ್ತಿ ಕೊಟ್ಟ. ಮಗಳನ್ನು ಕಳಿಸಿಕೊಡುವವನ ಹಾಗೆ.

ಹೆದ್ದಾರಿ ಸೇರುವ ಮೊದಲು ದಿನಕರ ಕಾರು ನಿಲ್ಲಿಸಿದ. ಯಾಕೆ ನಿಲ್ಲಿಸಿದೆ ಎಂದು ಯೋಚಿಸುವಷ್ಟರಲ್ಲಿ ಅವನು ರಸ್ತೆಯ ಅಂಚಿನಲ್ಲಿ ಬಗ್ಗಿ ನೀರು ಮುಕ್ಕಳಿಸಿ ಉಗುಳುತ್ತಿದ್ದ. ಇನ್ನೊಮ್ಮೆ ಬಾಯಿ ತುಂಬ ನೀರು ತುಂಬಿಕೊಂಡಾಗ ಹಿಂದೆ ಬೈಕು ನಿಂತ ಸದ್ದಾಯಿತು.

ಕೆರಿಯಪ್ಪನ ಮಗ ರಾಘು. ಕೈಯಲ್ಲಿ ಹುಲ್ಲಿನಿಂದ ಹೆಣೆದ, ಬಾಟಲಿಯ ಆಕಾರದ ಹಳೆಯ ಚೀಲ. "ಬಾಟ್ಲಿ ಬಂದಿದ್ದೇ ಇದ್ರಾಗಂತೆ. ಗಾಡೀಲಿ ಅಲ್ಲಾಡಿ ಒಡೆದೀತು, ಕೊಟ್ಟು ಬಾ ಅಂದ ಅಪ್ಪ."

ದಿನಕರ ತಲೆಯಾಡಿಸಿದ. ಕೆನ್ನೆಗಳು ಉಬ್ಬಿಕೊಂಡಿದ್ದವು. ನುಂಗಬೇಕೆಂದುಕೊಂಡ, ಆಗಲಿಲ್ಲ. ರಾಘು ಅವನ ಕೈಯಲ್ಲಿದ್ದ ನೀರಿನ ಬಾಟಲಿ ನೋಡಿದ, ಒದ್ದೆಯಾದ ನೆಲ ನೋಡಿದ. ಚೀಲವನ್ನು ಕಾರಿನ ಬಾನೆಟ್ಟಿನ ಮೇಲೆ ಮೆಲ್ಲಗೆ ಇಟ್ಟ.

"ಉಗುಳ್ರಿ ಡಾಕ್ಟ್ರೇ," ಎಂದ. ದಿನಕರ ದಿನವಿಡೀ ಕುರ್ಚಿಯಲ್ಲಿ ಒರಗಿದವರಿಗೆ ಹೇಳುವಷ್ಟೇ ಸಮಾಧಾನದಿಂದ. "ಅಪ್ಪಂಗೆ ಹೇಳೂದಿಲ್ಲ."

ಬೈಕು ತಿರುವು ದಾಟಿದ ಮೇಲೆ ದಿನಕರ ಉಗುಳಿದ.

ಶಿರಸಿಯ ಮನೆಯ ಕೆಳಗಿನ ಚಿಕಿತ್ಸಾಲಯದಲ್ಲಿ ಹಲ್ಲುನೋವಿನವನೊಬ್ಬ ಕಾಯುತ್ತಿದ್ದ. ದಿನಕರ ಬಾಟಲಿಯನ್ನು ಹುಲ್ಲಿನ ಚೀಲದ ಸಮೇತ ಮೇಲೆ ಜಗಲಿಯಲ್ಲಿಟ್ಟ.

"ಎಂತದಾ ಅದು? ಯಾರ ಮನೇದು?" ತಾಯಿ ಸೀತಮ್ಮ ಒಳಗಿಂದಲೇ ಕೇಳಿದಳು.

"ಇಡಗುಂದಿ ಕೆರಿಯಪ್ಪನ ಮನೇದು ಆಯಿ. ಮುಟ್ಟಡ," ಎಂದು ಮೆಟ್ಟಿಲಿಳಿದ.

ಮುಟ್ಟಬೇಡ ಎಂದದ್ದನ್ನು ಆಯಿ ತನಗೆ ತಿಳಿದ ಅರ್ಥದಲ್ಲೇ ಪಾಲಿಸಿದ್ದಳು. ಅವನು ಮೇಲೆ ಬಂದಾಗ ಜಗಲಿಯಲ್ಲಿ ಬಾಟಲಿ ಇರಲಿಲ್ಲ. ಬಚ್ಚಲೊಲೆಯಲ್ಲಿ ಹುಲ್ಲಿನ ಚೀಲ ಚಟಪಟ ಉರಿದು ಮುಗಿಯುತ್ತಿತ್ತು. ಪಕ್ಕದ ಬಕೆಟ್ಟಿನಲ್ಲಿ ಬಿಸಿನೀರು, ಅಂಟುವಾಳದ ನೊರೆ. ನೊರೆಯ ಮೇಲೆ ಕಾಗದದ ಮುದ್ದೆ. ಶಾಯಿ ಕದಡಿ ನೀರು ತುಸು ನೀಲಿಯಾಗಿತ್ತು.

"ಇಕ್ಕಳದಲ್ಲೇ ಎತ್ತಿ ನೀರಿಗೆ ಹಾಕ್ದೆ. ಎಷ್ಟು ಮಸಿ ಇತ್ತು ಮಾರಾಯಾ! ಈಗ ಒಳಗೆ ಇಡಲಾಗ್ತು," ಎಂದಳು ಸೀತಮ್ಮ.

ಬಾಟಲಿ ಬಚ್ಚಲ ಕಿಟಕಿಯಲ್ಲಿ ಒಣಗುತ್ತಿತ್ತು. ಬಯ್ಯಲೆಂದು ದಿನಕರ ಬಾಯಿ ತೆರೆದ. ನಾಲಿಗೆಯ ಬುಡದಲ್ಲಿ ಶುಂಠಿಯ ಖಾರ ಇನ್ನೂ ಇತ್ತು.

"ಚಾ ಮಾಡ್ಲಾ ತಮಾ?"

"ಬ್ಯಾಡ ಆಯಿ. ಕುಡ್ಕಂಡೇ ಬಂದೆ."

ಸಂಜೆಯ ಬಿಸಿಲು ಬಾಟಲಿಯನ್ನು ದಾಟಿ ಬರುತ್ತಿತ್ತು. ಚೀಟಿ ಇದ್ದ ಕಡೆ ಗಾಜು ಉಳಿದದ್ದಕ್ಕಿಂತ ತಿಳಿಯಾಗಿ, ಒಂದು ಸಣ್ಣ ಚೌಕದಷ್ಟು ಜಾಗದಲ್ಲಿ ಬ್ರಾಂದಿ ಕೆಂಪಗೆ ಹೊಳೆಯುತ್ತಿತ್ತು.